ಪಡಿತರದ ಚೀಟಿಯೂ ಕರಾವಳಿಯ ಸಾಹಿತ್ಯವೂ

ಮಂಗಳೂರಿನಿಂದ ಬಂಟ್ವಾಳಕ್ಕೆ ಹೋಗುವ ದಾರಿಯಲ್ಲಿ, ನೇತ್ರಾವತಿಯ ದಡದ ಮೇಲಿರುವ ಫರಂಗಿಪೇಟೆಯು ಚಿಕ್ಕ ಊರು. ಅದರ ಹೆಸರಿನಲ್ಲಿರುವ ಫರಂಗಿಗಳು ಪೋರ್ತುಗೀಜರೆಂಬುದೂ, ಆ ಜನರಿಗೆ ಈ ಕರಾವಳಿಯ ಮೇಲಿದ್ದ ಆಸೆ ಮೆಣಸಿನದು ಮಾತ್ರವಲ್ಲವೆಂಬುದೂ ಇತಿಹಾಸ ಬಲ್ಲವರಿಗೆ ಹೊಸ ಸಂಗತಿಯಲ್ಲ. ಗೋವೆಯ ಪೋರ್ತುಗೀಜರ ಒಲೆಯ ಮೇಲೆ ಬೇಯುತ್ತಿದ್ದುದು ಬಹುಮಟ್ಟಿಗೆ ಕೆನರಾದ ಅಕ್ಕಿ. ಕೆಳದಿಯ ನಾಯಕರೊಡನೆ ಅವರು ಮಾಡಿಕೊಂಡ ಕೌಲುಕರಾರುಗಳಲ್ಲಿ ಅಕ್ಕಿಯ ಮಾತು ಮತ್ತೆ ಮತ್ತೆ ಬರುತ್ತದೆ. ಪರದೇಶದವನು ಹಡಗು ಹೂಡಿಕೊಂಡು ಅಕ್ಕಿಗಾಗಿ ಬರುತ್ತಿದ್ದ ಈ ನಾಡಿನಲ್ಲಿ, 1940ರ ದಶಕದಲ್ಲಿ, ನಾಡಿನವನೇ ಕೈಯಲ್ಲೊಂದು ಚೀಟಿ ಹಿಡಿದು ಅಕ್ಕಿಗಾಗಿ ಅಂಗಡಿಯ ಮುಂದೆ ಸಾಲುನಿಲ್ಲುವ ಕಾಲ ಬಂತು. ಕಥೆಗಾರನಿಗೆ ಇದಕ್ಕಿಂತ ಹೆಚ್ಚಿನ ವಸ್ತು ಬೇಕಿಲ್ಲ. ಆದರೂ ಆ ಚೀಟಿಯು ಕರಾವಳಿಯ ಕನ್ನಡ ಸಾಹಿತ್ಯದಲ್ಲಿ ಎಷ್ಟು ಸ್ಥಳವನ್ನು ಪಡೆದಿದೆಯೆಂದು ಹುಡುಕಹೊರಟವನ ಕೈಗೆ ಸಿಕ್ಕುವುದು ಬಹಳ ಕಡಮೆ. ಹೀಗೇಕಾಯಿತೆಂಬುದು ವಿಚಾರಕ್ಕೆ ಯೋಗ್ಯವಾದ ಪ್ರಶ್ನೆ.

ಮೊದಲು ಸಂಗತಿಗಳನ್ನು ನೆನೆಯಬೇಕು. 1942ರ ಮಾರ್ಚ್ ತಿಂಗಳಲ್ಲಿ ರಂಗೂನು ಜಪಾನೀಯರ ವಶವಾಯಿತು. ಅದರೊಡನೆ ವರ್ಷ ವರ್ಷವೂ ಲಕ್ಷಾಂತರ ಟನ್ನುಗಳಷ್ಟು ಬರುತ್ತಿದ್ದ ಬರ್ಮಾದ ಅಕ್ಕಿ ನಿಂತಿತು. ಆ ಪೆಟ್ಟು ಮೊದಲು ಬಿದ್ದುದು ಹೊರಗಿನ ಅಕ್ಕಿಯನ್ನು ನೆಚ್ಚಿದ್ದ ಮಲಬಾರು, ತಿರುವಾಂಕೂರುಗಳ ಮೇಲೆ. ಅದೇ ವರ್ಷದ ಕೊನೆಯಲ್ಲಿ ದಿಲ್ಲಿಯ ಸರಕಾರವು ಆಹಾರಕ್ಕೆಂದೇ ಬೇರೊಂದು ಇಲಾಖೆಯನ್ನು ತೆರೆಯಿತು. 1943ರಲ್ಲಿ ಬಂಗಾಳವು ಹಸಿವಿನಿಂದ ಸಾಯುತ್ತಿದ್ದಾಗ, ಗ್ರೆಗರಿಯವರ ಅಧ್ಯಕ್ಷತೆಯ ಧಾನ್ಯನೀತಿ ಸಮಿತಿಯು ಒಂದು ಲಕ್ಷಕ್ಕೆ ಮಿಕ್ಕಿ ಜನವಿದ್ದ ಪಟ್ಟಣಗಳಲ್ಲೆಲ್ಲ ಪಡಿತರವನ್ನು ಜಾರಿಗೆ ತರಬೇಕೆಂದೂ, ವಯಸ್ಕನಿಗೆ ದಿನಕ್ಕೆ ಒಂದು ಪೌಂಡು, ಎಂದರೆ 16 ಔನ್ಸು, ಧಾನ್ಯ ಸಿಗಬೇಕೆಂದೂ ಹೇಳಿತು. 1946ರಲ್ಲಿ ಆ 16 ಔನ್ಸು 12ಕ್ಕೆ ಇಳಿಯಿತು. ಆಗ ದಕ್ಷಿಣ ಕನ್ನಡವು ಮದರಾಸು ಪ್ರಾಂತಕ್ಕೆ ಸೇರಿತ್ತಷ್ಟೆ. ಆ ಪ್ರಾಂತದ ಪಟ್ಟಣಗಳಲ್ಲಿ ಶಾಸನಬದ್ಧವಾದ ಬಿಗಿ ಪಡಿತರ, ಹಳ್ಳಿಗಳಲ್ಲಿ ಸಡಿಲವಾದ ಪಡಿತರ ನಡೆಯಿತು. ಅಕ್ಕಿಯೊಂದೇ ಅಲ್ಲ; ಸಕ್ಕರೆ, ಚಿಮಿಣಿ ಎಣ್ಣೆ, ಬಟ್ಟೆ ಎಲ್ಲವೂ ಅಳತೆಯ ಕೆಳಗೆ ಬಂದುವು. ಯುದ್ಧವು 1945ರಲ್ಲಿ ಮುಗಿದರೂ ಚೀಟಿ ಮುಗಿಯಲಿಲ್ಲ. 1947ರ ಡಿಸೆಂಬರಿನಲ್ಲಿ, ಗಾಂಧೀಜಿಯವರ ಒತ್ತಾಯದ ಫಲವಾಗಿ, ಕಟ್ಟುಪಾಡುಗಳು ಒಮ್ಮೆ ಸಡಿಲಗೊಂಡುವು, ಬೆಲೆ ಏರಿತು, 1948ರಲ್ಲಿ ಮತ್ತೆ ಬಿಗಿಯಾದುವು. ಕಡೆಗೆ ಮದರಾಸಿನ ಮುಖ್ಯಮಂತ್ರಿಯಾಗಿದ್ದ ರಾಜಾಜಿಯವರು 1952ರ ಜೂನ್ ತಿಂಗಳಲ್ಲಿ ಆಹಾರದ ನಿಯಂತ್ರಣವನ್ನು ಕಿತ್ತೊಗೆದರು. ರಂಗೂನಿನ ಪತನದಿಂದ ಲೆಕ್ಕ ಹಿಡಿದರೆ ಹತ್ತು ವರ್ಷಗಳ ಕಾಲ! ಒಂದು ಮಗು ಹುಟ್ಟಿ, ಅಕ್ಷರ ಕಲಿತು, ತನ್ನ ಹೆಸರನ್ನು ಆ ಚೀಟಿಯಲ್ಲಿ ತಾನೇ ಓದಬಲ್ಲಷ್ಟು ದೊಡ್ಡದಾಗುವ ಕಾಲ.

ಆ ಹತ್ತು ವರ್ಷಗಳು ಭಾಷೆಯಲ್ಲಿ ಬಿಟ್ಟುಹೋದ ಗುರುತು ಸಾಹಿತ್ಯದಲ್ಲಿ ಬಿಟ್ಟುಹೋದುದಕ್ಕಿಂತ ಆಳವಾಗಿದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ಕೋಶದ ಕಾಲಕ್ಕೆ ರೇಷನ್ ಎಂಬುದು ಕನ್ನಡದ ಮಾತಾಗಿರಲಿಲ್ಲ. ಐವತ್ತು ವರ್ಷ ಕಳೆಯುವಷ್ಟರಲ್ಲಿ ಅಕ್ಷರವರಿಯದ ಮುದುಕಿಯೂ ರೇಷನ್, ಕಂಟ್ರೋಲು, ಪರ್ಮಿಟ್ಟು, ಕಾರ್ಡು ಎಂಬ ಶಬ್ದಗಳನ್ನು ಮನೆಯ ಪಾತ್ರೆಗಳ ಹೆಸರಿನಂತೆ ಆಡತೊಡಗಿದ್ದಳು. ಕಾಳಸಂತೆಯೆಂಬ ಮಾತನ್ನಂತೂ ಯಾರು ಕಟ್ಟಿದರೋ ಅವರ ಕಿವಿ ಸೂಕ್ಷ್ಮವಾದುದಾಗಿರಬೇಕು. ಕಾಳ ಎಂದರೆ ಕಪ್ಪು, ಸರಿ. ಆದರೆ ಕೇಳುವವನಿಗೆ ಕಾಳಿನ ಸಂತೆಯೆಂಬ ಧ್ವನಿಯೂ ಅದರೊಳಗೇ ಹೊಳೆಯುತ್ತದೆ.

ಇವೆಲ್ಲಕ್ಕಿಂತ ವಿಚಾರಾರ್ಹವಾದುದು ಪಡಿತರವೆಂಬ ಶಬ್ದವೇ. ಪಡಿ ಎಂದರೆ ಅಳತೆ. ಅಳೆದು ಕೊಡುವ ದಿನದ ಅಕ್ಕಿ. ಪಡಿತರವೆಂದರೆ ದೇವಾಲಯದ ಇಲ್ಲವೆ ಬಸದಿಯ ನಿತ್ಯಕಟ್ಟಳೆಗೆಂದು ಗೊತ್ತುಪಡಿಸಿದ ಅಕ್ಕಿ, ಎಣ್ಣೆ ಮುಂತಾದುವು. ಹಳೆಯ ಕಾಗದಪತ್ರಗಳನ್ನು ತಿರುವಿದವರಿಗೆ ‘ಪಡಿತರ ದೀಪಾರಾಧನೆ’ ಎಂಬ ಜೋಡುನುಡಿ ಚಿರಪರಿಚಿತ. ಮೂಡಬಿದಿರೆಯ ಬಸದಿಗಳಿರುವ, ಧರ್ಮಸ್ಥಳದ ಅನ್ನದಾನವಿರುವ ಈ ಸೀಮೆಯಲ್ಲಿ ಆ ಶಬ್ದಕ್ಕೊಂದು ಘನತೆಯಿದ್ದಿತು. ಅದು ಕೊಡುವವನ ಮರ್ಯಾದೆಯನ್ನೂ ಪಡೆಯುವವನ ಮರ್ಯಾದೆಯನ್ನೂ ಒಟ್ಟಿಗೆ ಹೇಳುತ್ತಿತ್ತು. ಅದೇ ಶಬ್ದವನ್ನು ಸರಕಾರಿ ಕನ್ನಡವು ರೇಷನ್ನಿಗೆ ಹೊಂದಿಸಿತು. ಹೊಂದಿಕೆಯೇನೋ ಸೊಗಸಾಗಿದೆ. ಆದರೆ ದೇವರ ಪಡಿತರವನ್ನು ಅಳೆಯುವಾಗ ದೇವರ ಮನೆಯಲ್ಲಿ ಎಷ್ಟು ತಲೆಗಳಿವೆಯೆಂದು ಯಾರೂ ಎಣಿಸಿದುದಿಲ್ಲ. ಸತ್ತವರ ಹೆಸರಿನಲ್ಲಿ ಪಡಿ ಹೋಗುತ್ತಿದೆಯೋ ಎಂದು ತನಿಖೆ ಮಾಡಿದುದಿಲ್ಲ. ಮನುಷ್ಯನ ಪಡಿತರವು ಸಂಶಯದೊಡನೆ ಹುಟ್ಟಿತು. ಶಬ್ದವು ಗರ್ಭಗುಡಿಯಿಂದ ಅಂಗಡಿಯ ಕಟ್ಟೆಗೆ ಇಳಿದು ಬಂದ ಈ ಪಯಣವೊಂದೇ ಒಬ್ಬ ಒಳ್ಳೆಯ ಪ್ರಬಂಧಕಾರನಿಗೆ ಸಾಕಾಗಿತ್ತು.

ಇನ್ನು ಅಳತೆಯ ವಿಚಾರ. ಕರಾವಳಿಯವನ ಕಣ್ಣಿಗೆ ಅಕ್ಕಿಯೆಂದರೆ ಮುಡಿ: ಬೈಹುಲ್ಲನ್ನು ಹಾಸಿ, ಅಕ್ಕಿ ಸುರಿದು, ಹುಲ್ಲಿನ ಹಗ್ಗದಿಂದ ಸುತ್ತಿ ಸುತ್ತಿ, ಕೋಲಿನಿಂದ ಬಡಿದು ಗುಂಡಗೆ ಕಟ್ಟಿದ ಗಂಟು. ಒಂದು ಮುಡಿಗೆ ಮೂರು ಕಳಸೆ, ಒಂದು ಕಳಸೆಗೆ ಹದಿನಾಲ್ಕು ಸೇರು. ಮುಡಿಯೆಂದರೆ 42 ಸೇರು. ಗದ್ದೆಯ ಯೋಗ್ಯತೆಯನ್ನು ಹೇಳುವುದು ಮುಡಿಯಲ್ಲಿ, ಗೇಣಿಯನ್ನು ಬರೆಯುವುದು ಮುಡಿಯಲ್ಲಿ, ಮನೆತನದ ದೊಡ್ಡಸ್ತಿಕೆಯನ್ನು ಎಣಿಸುವುದೂ ಮುಡಿಯಲ್ಲಿ. ಇಂತಹ ಜನರಿಗೆ ಸರಕಾರವು ಔನ್ಸಿನ ಲೆಕ್ಕವನ್ನು ಹೇಳಿತು. ಗಂಜಿಗೆ ಕುಚ್ಚಲಕ್ಕಿ, ದೋಸೆಗೂ ದೇವರಿಗೂ ಬೆಳ್ತಿಗೆಯೆಂದು ಬೇರೆ ಬೇರೆಯಾಗಿ ಕಾಣುತ್ತಿದ್ದ ಅಡಿಗೆಮನೆಗೆ, ಔನ್ಸಿನ ದೃಷ್ಟಿಯಲ್ಲಿ ಇವೆರಡೂ ಒಂದೇ, ಗೋಧಿಯೂ ಅದೇ ಎಂಬ ಉತ್ತರ ದೊರೆಯಿತು. ಗೋಧಿಯನ್ನು ಏನು ಮಾಡಬೇಕೆಂದು ತಿಳಿಯದೆ ಅದನ್ನೂ ಗಂಜಿ ಕಾಯಿಸಲು ಹೊರಟ ಮನೆಗಳ ನಗೆಮಾತುಗಳು ಅಕ್ಕಿಯುಣ್ಣುವ ಜಿಲ್ಲೆಗಳಲ್ಲೆಲ್ಲ ಉಂಟು. ನಗೆಮಾತು ಅಲ್ಲಿಗೇ ನಿಂತಿತು. ಸಾಹಿತ್ಯವೂ ಅಲ್ಲಿಗೇ ನಿಂತಿತು.

ನಗೆಯ ಆಚೆಗಿದ್ದ ಸಂಗತಿಯು ಹಗುರವಾದುದಲ್ಲ. ಮುಡಿಯು ಮನೆತನವನ್ನು ಎಣಿಸುತ್ತಿತ್ತು. ಚೀಟಿಯು ತಲೆಯನ್ನು ಎಣಿಸಿತು. ಈ ಜಿಲ್ಲೆಯಲ್ಲಿ ಗೇಣಿಯ ಮುಡಿಗಳು ಒಕ್ಕಲಿನ ಅಂಗಳದಿಂದ ಧಣಿಯ ಪತ್ತಾಯಕ್ಕೆ ನಡೆದುಹೋಗುತ್ತಿದ್ದ ಕಾಲವದು. ಮೂಲಗೇಣಿಯವನಿಗೆ ಸ್ವಲ್ಪ ಆಧಾರವಿದ್ದರೆ ಚಾಲಗೇಣಿಯವನಿಗೆ ಧಣಿಯ ಮನಸ್ಸೇ ಆಧಾರ. ಮೂಲದಾಳಿಗಾದರೋ ಅದೂ ಇಲ್ಲ. ಅಂಥಲ್ಲಿ ಒಂದು ಅಚ್ಚಿನ ಕಾಗದವು ಬಂದು, ಧಣಿಯ ಹೊಟ್ಟೆಗೂ ಆಳಿನ ಹೊಟ್ಟೆಗೂ ದಿನಕ್ಕೆ ಇಷ್ಟೇ ಔನ್ಸು ಎಂದು ಹೇಳಿತು. ಅಷ್ಟೇ ಅಲ್ಲ, ಪಡಿತರವಿದ್ದ ಪಟ್ಟಣಗಳಲ್ಲಿ ಮೈಮುರಿದು ದುಡಿಯುವವನಿಗೆ ಹೆಚ್ಚಿನ ಪಡಿಯೂ ಇದ್ದಿತು. ಕೂತುಣ್ಣುವವನಿಗಿಂತ ಹೊರೆ ಹೊರುವವನಿಗೆ ಹೆಚ್ಚು ಅನ್ನ ಬೇಕೆಂಬ ಮಾತನ್ನು ಈ ನೆಲದಲ್ಲಿ ಮೊದಲು ಬರೆದಿಟ್ಟವರಲ್ಲಿ ಪರದೇಶದ ಸರಕಾರದ ಗುಮಾಸ್ತನೂ ಒಬ್ಬನೆಂಬುದು ನಾಚಿಕೆಯ ವಿಷಯವಾದರೂ ನಿಜ.

ಕಾಗದದ ಮೇಲಣ ಈ ಸಮಾನತೆಯನ್ನು ಹೊಗಳುತ್ತ ಕೂರಬೇಕಾಗಿಲ್ಲ. ಬೆಳೆಗಾರನು ಮನೆಮಂದಿಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದುದನ್ನು ಸರಕಾರಕ್ಕೆ ಒಪ್ಪಿಸಬೇಕೆಂಬುದು ನಿಯಮ. ಪತ್ತಾಯವುಳ್ಳವನು ಚೀಟಿಗಾಗಿ ಕಾಯಬೇಕಾದ ಪ್ರಸಂಗವೇ ಇರಲಿಲ್ಲ. ಸಾಲಿನಲ್ಲಿ ನಿಂತವರು ಪತ್ತಾಯವಿಲ್ಲದವರು. ಹಾಗಿದ್ದರೂ, ಎಷ್ಟು ಅಕ್ಕಿಯಿದೆಯೆಂದು ಧಣಿಯ ಮನೆಯ ಬಾಗಿಲಲ್ಲಿ ನಿಂತು ಒಬ್ಬ ನೌಕರನು ಕೇಳಬಹುದೆಂಬುದು ಹೊಸ ಸಂಗತಿ. ಆ ಪ್ರಶ್ನೆಯನ್ನು ಅಂಗಳದ ಮೂಲೆಯಲ್ಲಿ ನಿಂತ ಒಕ್ಕಲು ಕೇಳಿಸಿಕೊಂಡನಷ್ಟೆ? ಅವನ ಮನಸ್ಸಿನಲ್ಲಿ ಏನಾಯಿತು? ಕರ್ನಾಟಕದ ಭೂಸುಧಾರಣೆಯ ಕಾಯಿದೆಯು 1974ರ ತಿದ್ದುಪಡಿಯಿಂದ ಬಲಗೊಂಡು ಗೇಣಿಯೇ ಅಳಿದಾಗ ಈ ಜಿಲ್ಲೆಯ ಒಕ್ಕಲುಗಳು ಸಾವಿರ ಸಾವಿರ ಸಂಖ್ಯೆಯಲ್ಲಿ ಅರ್ಜಿ ಹಿಡಿದು ಮುಂದೆ ಬಂದರು. ಆ ಧೈರ್ಯದ ಬೀಜವು ಯಾವ ಯಾವ ಅಂಗಳದಲ್ಲಿ ಬಿದ್ದಿತೆಂಬುದನ್ನು ಹೇಳಬೇಕಾದವನು ಕಾದಂಬರಿಕಾರ. ಅವನು ಹೇಳಲಿಲ್ಲ. ಕಾರಣವನ್ನು ದೂರ ಹುಡುಕಬೇಕಾಗಿಲ್ಲ: ಆ ಕಾಲದಲ್ಲಿ ಲೇಖನಿ ಹಿಡಿದವರಲ್ಲಿ ಹೆಚ್ಚಿನವರು ಗೇಣಿಯನ್ನು ಪಡೆಯುವ ಮನೆಗಳಿಂದ ಬಂದವರು, ಕೊಡುವ ಮನೆಗಳಿಂದಲ್ಲ.

ಈ ಮಾತನ್ನು ಆಕ್ಷೇಪವಾಗಿ ಹೇಳಿದರೂ ಅವರ ಕೃತಿಗಳ ಬೆಲೆಯನ್ನು ಇಳಿಸುವುದಕ್ಕಾಗಿ ಹೇಳಿದುದಲ್ಲ. ಶಿವರಾಮ ಕಾರಂತರ ‘ಬೆಟ್ಟದ ಜೀವ’ ಪ್ರಕಟವಾದುದು 1943ರಲ್ಲಿ. ದಾರಿ ತಪ್ಪಿದ ಪಯಣಿಗನೊಬ್ಬನು ಕಾಡಿನ ನಡುವಣ ಮನೆಗೆ ಬಂದು ಸೇರುತ್ತಾನೆ; ಗೋಪಾಲಯ್ಯನೂ ಅವನ ಹೆಂಡತಿಯೂ ಆ ಅಪರಿಚಿತನನ್ನು ಮನೆಯ ಮಗನಂತೆ ಉಪಚರಿಸುತ್ತಾರೆ; ಹೊರಡುತ್ತೇನೆಂದರೆ ಬಿಡುವುದಿಲ್ಲ. ಬಂಗಾಳದ ಬೀದಿಗಳಲ್ಲಿ ಗಂಜಿಯ ತಿಳಿಗಾಗಿ ಜನ ಕೂಗುತ್ತಿದ್ದ ವರ್ಷದಲ್ಲಿ, ಪುತ್ತೂರಿನಲ್ಲಿ ಕುಳಿತ ಕಾದಂಬರಿಕಾರನು ಅಳತೆಯಿಲ್ಲದ ಆತಿಥ್ಯವನ್ನು ಚಿತ್ರಿಸುತ್ತಿದ್ದನೆಂಬುದನ್ನು ಎರಡು ರೀತಿಯಲ್ಲಿ ಓದಬಹುದು. ಕಾಲಕ್ಕೆ ಬೆನ್ನು ತಿರುಗಿಸಿದ ಕೃತಿಯೆಂದು ಓದುವುದು ಒಂದು. ಅದು ಆತುರದ ಓದು. ಕೈಬಿಟ್ಟುಹೋಗಲಿರುವುದನ್ನು ಹೋಗುವ ಮುನ್ನ ಬರೆದಿಟ್ಟ ಕೃತಿಯೆಂದು ಓದುವುದು ಇನ್ನೊಂದು. ಕಾದಂಬರಿಯಲ್ಲಿ ಪಡಿತರದ ಹೆಸರಿಲ್ಲದಿದ್ದರೂ ಆ ವರ್ಷದಲ್ಲಿ ಅದನ್ನು ಓದಿದ ಮನೆಗಳಲ್ಲಿ ಅದರ ನೆನಪಿಲ್ಲದಿರಲು ಸಾಧ್ಯವಿಲ್ಲ. ಅತಿಥಿ ಬಂದರೆ ‘ಒಣಸ್ ಆಂಡಾ?’ ಎಂದು ಕೇಳುವುದು ತುಳುನಾಡಿನ ಮೊದಲ ಮಾತು. ಇಲ್ಲವೆಂಬ ಉತ್ತರ ಬಂದರೆ ಏನು ಗತಿಯೆಂಬ ಅಳುಕು ಆ ಪ್ರಶ್ನೆಯೊಳಗೆ ಸೇರಿಕೊಂಡುದು ಆ ವರ್ಷಗಳಲ್ಲಿ. ಹಲವು ಪ್ರಾಂತಗಳಲ್ಲಿ ಮದುವೆಯೂಟಕ್ಕೆ ಎಷ್ಟು ಮಂದಿಯನ್ನು ಕರೆಯಬಹುದೆಂಬುದಕ್ಕೂ ಆಜ್ಞೆ ಹೊರಟ ಕಾಲವದು. ಗೋಪಾಲಯ್ಯನ ಮನೆಯ ಎಲೆಯಲ್ಲಿ ಬಡಿಸಿದ ಅನ್ನವು ಅಂದಿನ ವಾಚಕನಿಗೆ ಇಂದಿನವನಿಗಿಂತ ಬಹಳ ಬೆಳ್ಳಗೆ ಕಂಡಿರಬೇಕು.

ಕರಾವಳಿಯ ಜನರಿಗೆ ಕೊರತೆಯನ್ನು ಹೇಳುವ ಮಾತೇ ತಿಳಿದಿರಲಿಲ್ಲವೆಂದು ಯಾರಾದರೂ ವಾದಿಸಿದರೆ ಅದು ಒಪ್ಪತಕ್ಕ ಮಾತಲ್ಲ. ಆಟಿಯ ತಿಂಗಳು ಬೇರೇನು? ಏಣಿಲಿನ ಪೈರು ಇನ್ನೂ ಗದ್ದೆಯಲ್ಲಿ, ಹಳೆಯ ಅಕ್ಕಿ ಮುಗಿಯುತ್ತ ಬಂದಿದೆ, ಹೊರಗೆ ಬಿಡದ ಮಳೆ. ಆಗ ಕೆಸುವಿನ ಎಲೆ, ತಜಂಕು, ಉಪ್ಪುನೀರಿನಲ್ಲಿ ಹಾಕಿಟ್ಟ ಹಲಸಿನ ತೊಳೆ, ಹಲಸಿನ ಬೀಜ ಇವುಗಳಿಂದ ಮನೆಯೊಡತಿಯು ದಿನ ನೂಕುತ್ತಿದ್ದಳು. ಆಟಿ ಕಳಂಜನು ಮನೆಮನೆಗೆ ಬಂದು ಮಾರಿ ಕಳೆಯುತ್ತಿದ್ದನು. ಕೊರತೆಗೆ ಇಲ್ಲಿ ಹಾಡಿದ್ದಿತು, ಕುಣಿತವಿದ್ದಿತು, ತಿನಿಸುಗಳ ಒಂದು ಪರಂಪರೆಯೇ ಇದ್ದಿತು. ಆದರೆ ಆಟಿಯು ಆಕಾಶದಿಂದ ಬರುತ್ತಿತ್ತು, ಸೋಣ ಬಂದೊಡನೆ ಹೋಗುತ್ತಿತ್ತು. ಅದನ್ನು ಬೈಯಬೇಕಾದವರು ಯಾರೂ ಇರಲಿಲ್ಲ. ಪಡಿತರವು ಕಚೇರಿಯಿಂದ ಬಂದಿತು, ಬಂದುದು ಹೋಗಲೊಲ್ಲದು. ಅದಕ್ಕೆ ಹಾಡು ಕಟ್ಟುವುದು ಹೇಗೆ? ತಾಳಮದ್ದಳೆಯ ಅರ್ಥಧಾರಿಗಳು ಕಟ್ಟಿರಲೂಬಹುದು. ಅಂದಂದಿನ ಸುದ್ದಿಯನ್ನು ಪುರಾಣದ ಬಾಯಲ್ಲಿ ಆಡಿಸುವುದು ಆ ಕಲೆಯ ಗುಣ. ಆದರೆ ಆಶುವಾಗಿ ಆಡಿದ ಮಾತು ಬೆಳಗಾಗುವಷ್ಟರಲ್ಲಿ ಗಾಳಿಯ ಪಾಲು.

ಬಂಗಾಳದ ಉದಾಹರಣೆಯನ್ನು ಇಲ್ಲಿ ತರುವುದು ಸ್ವಲ್ಪ ಅನ್ಯಾಯವೇ ಸರಿ. ಅಲ್ಲಿ ಸತ್ತವರ ಸಂಖ್ಯೆಯನ್ನು ಸರಕಾರದ ತನಿಖಾ ಆಯೋಗವೇ ಸುಮಾರು 15 ಲಕ್ಷವೆಂದಿತು, ಈಚಿನ ಇತಿಹಾಸಕಾರರಲ್ಲಿ ಹಲವರು 30 ಲಕ್ಷದವರೆಗೆ ಹೇಳುತ್ತಾರೆ. ಕಲ್ಕತ್ತೆಗೆ ಪಡಿತರವು ಬಂದುದು 1944ರ ಆರಂಭದಲ್ಲಿ, ಹೆಣಗಳನ್ನು ಸಾಗಿಸಿದ ಮೇಲೆ. ಆ ದುಃಖದಿಂದ ಬಿಜನ್ ಭಟ್ಟಾಚಾರ್ಯರ ‘ನವಾನ್ನ’ ನಾಟಕವು ಅದೇ 1944ರಲ್ಲಿ ಹುಟ್ಟಿತು. ಚಿತ್ತಪ್ರಸಾದರೂ ಜೈನುಲ್ ಆಬೆದೀನರೂ ಬರೆದ ಚಿತ್ರಗಳು ಹುಟ್ಟಿದುವು. ವಿಭೂತಿಭೂಷಣರ ‘ಅಶನಿ ಸಂಕೇತ’ ಹುಟ್ಟಿತು. ಕನ್ನಡಿಗರು ಕಲಿಯಬೇಕಾದುದು ಇವುಗಳಲ್ಲಿ ಕಡೆಯದರಿಂದ. ಅಲ್ಲಿ ಹೆಣಗಳ ರಾಶಿಯಿಲ್ಲ. ಒಂದು ಹಳ್ಳಿಯ ಪುರೋಹಿತ, ಅವನ ಹೆಂಡತಿ ಅನಂಗ. ಅಕ್ಕಿ ದಿನದಿನಕ್ಕೆ ದುಬಾರಿಯಾಗುತ್ತ ಬರುತ್ತದೆ. ಮರ್ಯಾದೆಯ ಮನೆಯ ಹೆಂಗಸು ಪರರ ಮನೆಯ ಬತ್ತ ಕುಟ್ಟಲು ಹೋಗುತ್ತಾಳೆ. ಕಥೆಯ ಕಣ್ಣು ಅಂಗಡಿಯ ಮೇಲೆ ಇಲ್ಲ, ಅಡಿಗೆಮನೆಯ ಮೇಲಿದೆ. 1973ರಲ್ಲಿ ಸತ್ಯಜಿತ್ ರಾಯರು ಅದನ್ನು ಚಲಚ್ಚಿತ್ರವಾಗಿಸಿದಾಗಲೂ ಆ ಕಣ್ಣನ್ನು ಬದಲಿಸಲಿಲ್ಲ.

ಇಂಗ್ಲೆಂಡಿನ ವಿಚಾರ ಬೇರೆ. ಅಲ್ಲಿ ಪಡಿತರವು 1940ರ ಜನವರಿ 8ರಂದು ಮೊದಲಾಗಿ 1954ರ ಜುಲೈವರೆಗೆ ನಡೆಯಿತು. ರೊಟ್ಟಿಗೆ ಯುದ್ಧಕಾಲದಲ್ಲಿ ಇಲ್ಲದ ಪಡಿತರವು ಯುದ್ಧ ಮುಗಿದ ಮೇಲೆ, 1946ರಲ್ಲಿ, ಬಂತು. ಅರಸನ ಮನೆತನಕ್ಕೂ ಪಡಿತರದ ಪುಸ್ತಕವಿದ್ದಿತು. ಆ ಜನರು ಆ ದಿನಗಳನ್ನು ನಗುತ್ತ, ಒಂದು ಬಗೆಯ ಹೆಮ್ಮೆಯಿಂದಲೇ ನೆನೆಯುತ್ತಾರೆ. ಅವರ ಪುಸ್ತಕವು ಅವರೇ ಆರಿಸಿದ ಸರಕಾರದ ಪುಸ್ತಕ. ಅವರ ಯುದ್ಧವು ಅವರದು. ಇಲ್ಲಿಯ ಚೀಟಿಯು ಕೇಳದೆ ಬಂದ ಯುದ್ಧದ ಚೀಟಿ. 1942ರ ಆಗಸ್ಟಿನಲ್ಲಿ ಸೆರೆಮನೆಗೆ ಹೋದವರ ಮನೆಮಂದಿಯೂ ಸೆರೆಗೆ ಕಳುಹಿಸಿದ ಸರಕಾರದ ಕೈಯಿಂದಲೇ ಅಕ್ಕಿ ಪಡೆಯಬೇಕಾಯಿತು. ಆ ಅನ್ನದ ಋಣ ಯಾರದು? ಉಂಡ ಮನೆಗೆ ಎರಡು ಬಗೆಯಬಾರದೆಂಬ ಗಾದೆಯನ್ನು ನಂಬಿದ ಜನರಿಗೆ ಇದು ಸಣ್ಣ ಧರ್ಮಸಂಕಟವಲ್ಲ. ದೇಶಪ್ರೇಮದ ಕಥೆಗಳೂ ಈ ಸಂಕಟವನ್ನು ಮುಟ್ಟಿದುದು ಅಪರೂಪ. ಆಗ ಇದೇ ಜಿಲ್ಲೆಗೆ ಸೇರಿದ್ದ ಕಾಸರಗೋಡು ತಾಲೂಕಿನ ಕಯ್ಯೂರಿನ ನಾಲ್ವರು 1943ರ ಮಾರ್ಚ್ 29ರಂದು ಗಲ್ಲಿಗೇರಿದುದು ನಿರಂಜನರ ‘ಚಿರಸ್ಮರಣೆ’ಗೆ ವಸ್ತುವಾಯಿತು. ಗಲ್ಲಿಗೆ ಕಾದಂಬರಿಕಾರನು ದೊರೆತನು. ಅದೇ ವರ್ಷಗಳ ಸೇರು ಪಾವುಗಳಿಗೆ ದೊರೆಯಲಿಲ್ಲ.

ದೊರೆತುದೆಂದರೆ ಎರಡು ಅಚ್ಚುಗಳು. ಒಂದು, ಚೀಟಿಯನ್ನು ಕಳೆದುಕೊಂಡು ಪೇಚಾಡುವ ಗಂಡನ ಹಾಸ್ಯ. ಇನ್ನೊಂದು, ಹಿತ್ತಿಲ ಕೋಣೆಯಲ್ಲಿ ಮೂಟೆ ಬಚ್ಚಿಟ್ಟು ಕೊಬ್ಬಿದ ಕಾಳಸಂತೆಯ ಸಾಹುಕಾರನ ನಾಟಕ. ಮೊದಲನೆಯದರ ಬಗೆಗೆ ಹೆಚ್ಚು ಹೇಳಬೇಕಾದುದಿಲ್ಲ. ಎರಡನೆಯದು ಹೆಚ್ಚು ಅಪಾಯಕರವಾದುದು, ಏಕೆಂದರೆ ಅದು ವಾಚಕನನ್ನು ನಿರಪರಾಧಿಯನ್ನಾಗಿ ಮಾಡಿಬಿಡುತ್ತದೆ. ಪರ್ಮಿಟ್ಟಿಲ್ಲದೆ ಅಕ್ಕಿ ಸಾಗಿಸುವುದು ತಪ್ಪಾಗಿದ್ದ ಆ ಕಾಲದಲ್ಲಿ ಮಗಳ ಬಾಣಂತನಕ್ಕೆಂದು ನಾಲ್ಕು ಸೇರು ಬೆಳ್ತಿಗೆಯನ್ನು ಸೀರೆಗಳ ನಡುವೆ ಇಟ್ಟುಕೊಂಡು ಊರಿನಿಂದ ಪಟ್ಟಣಕ್ಕೆ ಹೊರಟ ತಾಯಿಯೂ ಶಾಸನದ ದೃಷ್ಟಿಯಲ್ಲಿ ಸಾಹುಕಾರನ ಪಂಕ್ತಿಯವಳೇ. ಫರಂಗಿಪೇಟೆಯಂತಹ, ಗದ್ದೆಗೂ ಪಟ್ಟಣಕ್ಕೂ ನಡುವೆ ದಾರಿಬದಿಯಲ್ಲಿ ನಿಂತ ಊರನ್ನು ಕಥೆಯ ಸ್ಥಳವಾಗಿ ಆರಿಸಿದ್ದರೆ, ಒಂದೇ ದಾರಿಯಲ್ಲಿ ಇವರಿಬ್ಬರನ್ನೂ ನಡೆಯಿಸಿ ನೋಡಬಹುದಾಗಿತ್ತು. ತಪ್ಪು ಎಲ್ಲಿ ಮೊದಲಾಗುತ್ತದೆ, ನಾಲ್ಕನೆಯ ಸೇರಿಗೋ ನಾಲ್ಕನೆಯ ಮುಡಿಗೋ ಎಂದು ಕೇಳಬಹುದಾಗಿತ್ತು.

ಇವೆರಡು ಅಚ್ಚುಗಳ ಹಿಂದೆ ಅಡಗಿ ಹೋದವಳು ಬಡಿಸುವ ಹೆಂಗಸು. ಚೀಟಿಯು ತಲೆಗೆ ಇಷ್ಟೆಂದು ಎಣಿಸಿತು ನಿಜ. ಆದರೆ ಅಕ್ಕಿ ಅಟ್ಟು ಅನ್ನವಾದ ಮೇಲೆ ಆ ಲೆಕ್ಕವು ಅಡಿಗೆಮನೆಯ ಹೊಸ್ತಿಲನ್ನು ದಾಟಲಿಲ್ಲ. ಒಳಗೆ ಬೇರೊಂದು ಪಡಿತರವಿದ್ದಿತು: ಮೊದಲು ಗಂಡಸರು, ಆಮೇಲೆ ಮಕ್ಕಳು, ಕಡೆಗೆ ತಳದಲ್ಲಿ ಉಳಿದುದು ಅವಳಿಗೆ. ಹನ್ನೆರಡು ಔನ್ಸಿನಲ್ಲಿ ಅವಳ ಹೆಸರಿಗೆ ಬಂದುದೆಷ್ಟು, ಅವಳ ಹೊಟ್ಟೆಗೆ ಹೋದುದೆಷ್ಟು? ಯಾವ ಇನ್‌ಸ್ಪೆಕ್ಟರೂ ಇದನ್ನು ತನಿಖೆ ಮಾಡಲಾರನು; ಕಥೆಗಾರನಾದರೆ ಮಾಡಬಹುದಾಗಿತ್ತು. ಇದಕ್ಕೆ ಬೇಕಾದ ಚೌಕಟ್ಟೂ ಮನೆಯಲ್ಲೇ ಇದ್ದಿತು. ಅರಣ್ಯಪರ್ವದ ಅಕ್ಷಯಪಾತ್ರೆಯು ಬರಿದಾಗುವುದು ಯಾವಾಗ? ದ್ರೌಪದಿ ಉಂಡಾಗ. ಎಲ್ಲರೂ ಉಣ್ಣುವವರೆಗೆ ಮುಗಿಯದ ಪಾತ್ರೆ ಅವಳು ಉಂಡೊಡನೆ ಮುಗಿಯುತ್ತದೆಂದು ಕಥೆ ಕಟ್ಟಿದವನು ಈ ದೇಶದ ಅಡಿಗೆಮನೆಯನ್ನು ಚೆನ್ನಾಗಿ ಬಲ್ಲವನು. ದೂರ್ವಾಸರು ಬಂದಾಗ ಅವಳಿಗೆ ಹುಟ್ಟಿದ ನಡುಕವು 1946ರಲ್ಲಿ ಹೊತ್ತು ಮೀರಿ ಬಂದ ನೆಂಟನನ್ನು ಜಗಲಿಯಲ್ಲಿ ಕಂಡ ಹೆಂಗಸಿನ ನಡುಕವೇ; ಪಾತ್ರೆಗೆ ಅಂಟಿಕೊಂಡಿದ್ದ ಒಂದಗುಳಿನಿಂದ ಕಾಪಾಡಲು ಕೃಷ್ಣನೊಬ್ಬನು ಬರಲಿಲ್ಲವೆಂಬಷ್ಟೇ ವ್ಯತ್ಯಾಸ. ಅಡಿಗೆಮನೆಯ ಒಳಗಿನಿಂದ ಬರೆಯಬಲ್ಲವರಾಗಿದ್ದ ಕೊಡಗಿನ ಗೌರಮ್ಮನವರು 1939ರಲ್ಲಿ, ಯುದ್ಧ ಮೊದಲಾಗುವ ಮುನ್ನವೇ, ತೀರಿಕೊಂಡಿದ್ದರು. ಅವರಿದ್ದಿದ್ದರೆ ಎಂದು ಹೇಳುವುದು ವಿಮರ್ಶೆಯ ಮಾತಲ್ಲವಾದರೂ ಮನಸ್ಸು ಅದನ್ನು ಹೇಳದೆ ಬಿಡುವುದಿಲ್ಲ.

ಇಷ್ಟು ಕಾಲ ಕಳೆದ ಮೇಲೆ ಈ ವಸ್ತುವನ್ನು ಎತ್ತಿಕೊಳ್ಳುವವರಿಗೆ ಸಾಮಗ್ರಿಯ ಅಭಾವವೇನೂ ಇಲ್ಲ. ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ಗೇಣಿಚೀಟಿಗಳ ಕಟ್ಟಿನೊಡನೆ ಪಡಿತರದ ಕಾರ್ಡುಗಳೂ ಅಲ್ಲಲ್ಲಿ ಉಳಿದಿರುತ್ತವೆ. ಅಂಗಡಿಕಾರನ ಗುರುತು ಬಿದ್ದ ವಾರಗಳೂ ಬೀಳದ ವಾರಗಳೂ ಅವುಗಳಲ್ಲಿ ಬೇರೆ ಬೇರೆಯಾಗಿ ಕಾಣುತ್ತವೆ. ಗುರುತು ಬೀಳದ ವಾರದಲ್ಲಿ ಅಂಗಡಿಗೆ ಅಕ್ಕಿ ಬಂದಿರಲಿಲ್ಲವೋ, ಮನೆಯಲ್ಲಿ ಹಣವಿರಲಿಲ್ಲವೋ ಎಂಬುದನ್ನು ಕಾರ್ಡು ಹೇಳುವುದಿಲ್ಲ. ಅಂದು ಚೀಟಿ ಹಿಡಿದು ಅಂಗಡಿಗೆ ಹೋದ ಹತ್ತು ವರ್ಷದ ಹುಡುಗಿಗೆ ಈಗ ತೊಂಬತ್ತು ಮೀರಿದೆ. ಅವಳ ಹತ್ತಿರ ಕುಳಿತು ಕೇಳುವವರು ಬೆಲೆಯನ್ನೂ ಸಾಲಿನ ಉದ್ದವನ್ನೂ ಕೇಳಿ ಎದ್ದುಬಿಡುವುದುಂಟು. ತಂದ ಅಕ್ಕಿಯನ್ನು ಮನೆಯಲ್ಲಿ ಯಾರು ಅಳೆದರು, ಎಷ್ಟನ್ನು ನಾಳೆಗೆಂದು ತೆಗೆದಿಟ್ಟರು, ಅಂದು ಕಡೆಗೆ ಉಂಡವರು ಯಾರು ಎಂದೂ ಕೇಳಬೇಕು.